ಸೊನ್ನೆಗಳ ಕೆಳಗೊಂದು ನಕ್ಷತ್ರ

ದೇವದುರ್ಗದ ಸ್ಟುಡಿಯೋದಿಂದ ಪೆನ್‌ಡ್ರೈವಿನಲ್ಲಿ ತಂದ ಮಗಳ ಮದುವೆಯ ವಿಡಿಯೋ ಮಾನ್ವಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ನೋಡಲೆಂದು ಹೆಂಡತಿ ಓಣಿಯ ಹೆಂಗಸರನ್ನೆಲ್ಲ ಕರೆದು ಕೂರಿಸಿದ್ದಳು. ವೈರಸ್ಸೇ ಇರಬೇಕೆಂದು ಬೆವೆತು, ಕಡತದ ಹೊಟ್ಟೆಯೊಳಗಿನ ಅಂಕಿಗಳನ್ನು ತೋರಿಸುವ ‘ಹೆಕ್ಸ್‌ಡಂಪ್’ ಆಜ್ಞೆ ಕೊಟ್ಟೆ. ಮೊದಲು ಏನೇನೋ ಅಂಕಿಗಳು ಬಂದವು; ಆಮೇಲೆ ಒಂದು ಸಾಲು ಬರೀ ಸೊನ್ನೆ, ಅದರ ಕೆಳಗೊಂದು ನಕ್ಷತ್ರ. ಕೊನೆಯತನಕ ಹೀಗೇ ಸೊನ್ನೆ ಎಂದು ಅದರ ಅರ್ಥ; ಅಂದರೆ ಉಳಿದ ವಿಡಿಯೋ ಬಂದೇ ಇಲ್ಲ.

ಫೋನಿನ ಸ್ಪೀಕರ್ ಹಾಕಿ ಎಲ್ಲರೆದುರೇ ಸ್ಟುಡಿಯೋದವನಿಗೆ ರೇಗಿದೆ: “ಅರ್ಧಾನೇ ಕೊಟ್ಟೀರಲ್ರೀ!”

“ಇನ್ನಾ ಕಾಪಿ ಆಗಾಕತ್ತಿತ್ರಿ. ಬಸ್ ಹೋಕ್ಕದಂತ ಕಿತ್ಗೊಂಡು ಓಡಿದವ್ರು ಯಾರ್ರೀ?”

ನಾನೇ. ಆ ಬಸ್ಸು ನಾನು ಹತ್ತಿದ ಮೇಲೆ ಅರ್ಧ ತಾಸು ನಿಲ್ದಾಣದಲ್ಲೇ ನಿಂತಿತ್ತು.

ಎಲ್ಲ ಕೇಳಿಸಿಕೊಂಡ ಹೆಂಡತಿ ಹೆಂಗಸರತ್ತ ತಿರುಗಿದಳು: “ಚಾ ಕುಡೀರಿ. ನಮ್ಮನಿಯವ್ರು ಬಸ್ ಹಿಡಿದ ಕತಿ ಹೇಳ್ತಾರ.”