ಅಣ್ಣ ಬೀಳುವ ದೃಶ್ಯ

ಭದ್ರಾವತಿಯ ಕಾರ್ಖಾನೆಯ ಕೆಲಸಗಾರರು ಆ ವರ್ಷ ಒಂದು ಪತ್ತೇದಾರಿ ನಾಟಕ ಆಡಿದರು. ಅದರಲ್ಲಿ ಕೊಲೆಗಾರ ನಮ್ಮಣ್ಣ. ಆಳು ಎತ್ತರವಾಗಿದ್ದ, ಮುಖದ ತುಂಬ ಸಿಡುಬಿನ ಕಲೆ. ಪಾತ್ರ ಹಂಚುವಾಗ ಯಾರೂ ಎರಡು ಸಲ ಯೋಚಿಸಲಿಲ್ಲವಂತೆ. ಮನೆಯಲ್ಲಿ ಮಾತ್ರ ಅವನು ದನಿ ಏರಿಸಿದ್ದನ್ನು ನಾನು ಕೇಳಿದ್ದೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಕುಲುಮೆಯ ಬಳಿ ಬೆಂದು ಬಂದು ಅವ್ವನನ್ನೂ ನನ್ನನ್ನೂ ಸಾಕುತ್ತಿದ್ದವನು ಅವನೇ. ನಾನಾಗ ಮಿಡ್ಲ್ ಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆ.

ನಾಟಕದಲ್ಲಿ ಅಣ್ಣ ಒಬ್ಬ ಜವಳಿ ವ್ಯಾಪಾರಿಯನ್ನು ಕೊಲ್ಲುತ್ತಿದ್ದ. ಅದನ್ನು ಕಂಡುಬಿಟ್ಟ ಮುದುಕಿಯ ಕತ್ತನ್ನೂ ಹಿಸುಕುತ್ತಿದ್ದ. ಆಗ ಮುಂದೆ ಚಾಪೆಯ ಮೇಲೆ ಕೂತ ಹೆಂಗಸರು ಎದ್ದು ನಿಂತು ಬೈಯುವರು. ನಮ್ಮ ಸಾಲಿನ ಕ್ವಾರ್ಟರ್ಸಿನಲ್ಲೇ ಇದ್ದ ಒಬ್ಬಾಕೆ ಒಂದು ಸಲ, "ನಿನ್ನ ಸೊಂಟ ಮುರಿದುಹೋಗ, ಮುದುಕಿ ಮೇಲೆ ಕೈ ಮಾಡ್ತೀಯಲ್ಲೋ" ಎಂದು ಬಗ್ಗಿ ನೆಲಕ್ಕೆ ಕೈ ಬಡಿದಳು. ಪಕ್ಕದವಳು, "ಸುಮ್ನಿರು ಮಾರಾಯ್ತಿ, ಅದು ಮುದುಕಿ ಅಲ್ಲ, ಸ್ಟೋರಿನ ಗುಮಾಸ್ತ ಸೀರೆ ಉಟ್ಕೊಂಡಿರೋದು" ಎಂದು ಅವಳನ್ನು ಎಳೆದು ಕೂರಿಸಿದಳು. ಮಾರನೆಯ ದಿನ ನಲ್ಲಿಯ ಹತ್ತಿರ ಅವ್ವನಿಗೆ ಇದೇ ಮಾತು. "ನಿಮ್ಮ ಮಗನ್ನ ನೋಡಿದ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ." ಅವ್ವ ನಗುತ್ತಿದ್ದಳು. ಆದರೆ ನಾಟಕವಿದ್ದ ದಿನ ಲಿಂಗಪೂಜೆ ಮುಗಿಸಿ ಅವನ ಹಣೆಗೆ ತಾನೇ ವಿಭೂತಿ ಹಚ್ಚದೆ ಕಳಿಸುತ್ತಿರಲಿಲ್ಲ.

ಜನ ನಿಜವಾಗಿ ಕಾಯುತ್ತಿದ್ದದ್ದು ಕೊನೆಯ ಹೊಡೆದಾಟಕ್ಕೆ. ಇನ್‌ಸ್ಪೆಕ್ಟರ್ ಪಾತ್ರ ಮಾಡುತ್ತಿದ್ದವನು ಮೆಷಿನ್ ಶಾಪಿನ ತಮಿಳಿನವನು, ಅಣ್ಣನ ಜೀವದ ಗೆಳೆಯ. ಪರದೆಯ ಮುಂದೆ ಆಳೆತ್ತರಕ್ಕಿಂತ ಮೇಲೆ ಕಟ್ಟಿದ ಅಟ್ಟ, ನಾಟಕದಲ್ಲಿ ಅದೇ ಮನೆಯ ಮಹಡಿ. ಇಬ್ಬರೂ ಅದರ ಮೇಲೆ ಗುದ್ದಾಡಿ, ಕೊನೆಗೆ ಗುಂಡು ತಗುಲಿದ ಅಣ್ಣ ಹಿಂದಕ್ಕೆ ವಾಲಿ ಕೆಳಗೆ ಬೀಳಬೇಕು. ಕೆಳಗೆ ಕಾಂಪೌಂಡ್ ಗೋಡೆಯಂತೆ ಬಣ್ಣ ಬಳಿದ ತಡಿಕೆ, ಅದರ ಮರೆಯಲ್ಲಿ ಗೋಣಿ ಹೊದಿಸಿದ ಹುಲ್ಲಿನ ರಾಶಿ. ಅವನು ಬಿದ್ದ ಕೂಡಲೇ ಶಿಳ್ಳೆ, ಚಪ್ಪಾಳೆ, "ಒನ್ಸ್ ಮೋರ್" ಎಂಬ ಕೂಗು. ನಮ್ಮ ಕಡೆ ಒಳ್ಳೆಯ ಹಾಡಿಗೆ ಹಾಗೆ ಕೂಗುವುದುಂಟು. ಇಲ್ಲಿ ಸಾವಿಗೆ ಕೂಗಿದರು. ಸತ್ತ ಅಣ್ಣ ಎದ್ದು, ಮೈಗೆ ಅಂಟಿದ ಹುಲ್ಲು ಕೊಡವಿಕೊಂಡು, ಏಣಿ ಹತ್ತಿ, ಮತ್ತೆ ಗುಂಡು ತಿಂದು ಬೀಳುತ್ತಿದ್ದ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ನನಗೂ ಇಲ್ಲ.

ಶಿವಮೊಗ್ಗದಿಂದ ಕರೆ ಬಂತು. ಭಾನುವಾರ ಮಧ್ಯಾಹ್ನದ ಆಟ. ನಟರ ಜೊತೆ ಅವ್ವನೂ ನಾನೂ ಬಸ್ಸಿನಲ್ಲಿ ಹೋದೆವು. ಅಣ್ಣನಿಗೆ ನಿಶ್ಚಯವಾಗಿದ್ದ ಹುಡುಗಿ ಅಲ್ಲೇ ಪಕ್ಕದ ಆಲ್ಕೊಳದ ಕಡೆಯವಳು. ಅವಳ ಅಪ್ಪ, ಚಿಕ್ಕಪ್ಪ ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು.

ಮೊದಲ ಸಲ ಎಂದಿನಂತೆ ಬಿದ್ದ. ಹಾಲ್ ಬಿರಿಯುವಂತೆ ಕೂಗು. ಆ ರಭಸಕ್ಕೆ ಹುಲ್ಲಿನ ರಾಶಿ ಪಕ್ಕಕ್ಕೆ ಸರಿದಿತ್ತು ಎಂದು ಆಮೇಲೆ ಗೊತ್ತಾಯಿತು. ಅದನ್ನು ಸರಿಪಡಿಸುವಷ್ಟು ಪುರಸೊತ್ತನ್ನು ಜನ ಕೊಡಲಿಲ್ಲ, ಅಣ್ಣ ಆಗಲೇ ಏಣಿ ಹತ್ತಿದ್ದ. ಎರಡನೇ ಸಲ ಬಿದ್ದಾಗ ಸದ್ದೇ ಬೇರೆ ಇತ್ತು. ಅವ್ವ ನನ್ನ ಮೊಣಕೈ ಹಿಡಿದುಕೊಂಡಳು.

ತಡಿಕೆ ಉರುಳಿ ಅಣ್ಣ ಎಲ್ಲರಿಗೂ ಕಾಣುತ್ತಿದ್ದ. ಹಿಂದಿನ ಸಾಲಿನವನೊಬ್ಬ, "ನೋಡು ಮಾರಾಯ, ರೆಪ್ಪೆನೂ ಆಡಿಸ್ತಿಲ್ಲ. ಆಕ್ಟಿಂಗ್ ಅಂದ್ರೆ ಇದು" ಎಂದ. ಇನ್‌ಸ್ಪೆಕ್ಟರ್ ಅಟ್ಟದಿಂದ ಇಳಿದು ಬಂದು ಮಂಡಿಯೂರಿ, ತನ್ನ ಮಾತು ಮರೆತು, "ಎಳುಂದಿರುಡಾ, ಎಳುಂದಿರು" ಎಂದು ತಮಿಳಿನಲ್ಲಿ ಏಳಲು ಹೇಳುತ್ತ ಅಲುಗಿಸತೊಡಗಿದ. ಅಲ್ಲಿಯವರೆಗೆ ಗ್ರಾಂಥಿಕ ಕನ್ನಡದಲ್ಲಿ ಗುಡುಗುತ್ತಿದ್ದ ಇನ್‌ಸ್ಪೆಕ್ಟರ್ ತಮಿಳು ಮಾತಾಡಿದ್ದಕ್ಕೆ ಇಡೀ ಹಾಲ್ ನಕ್ಕಿತು. ಪರದೆ ಬಿದ್ದರೂ ಕೂಗು ನಿಲ್ಲಲಿಲ್ಲ. ನಾವು ಪಕ್ಕದ ಬಾಗಿಲಿನಿಂದ ಒಳಗೆ ಓಡುವಾಗಲೂ "ಒನ್ಸ್ ಮೋರ್" ಕೇಳುತ್ತಲೇ ಇತ್ತು.

ಬೆನ್ನುಮೂಳೆ ಮುರಿದಿತ್ತು. ಸೊಂಟದಿಂದ ಕೆಳಗೆ ಚಿವುಟಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಆಸ್ಪತ್ರೆಯಿಂದ ಮನೆಗೆ ತಂದೆವು.

ನೋಡಲು ಬಂದವರೆಲ್ಲ ಮಂಚದ ಪಕ್ಕ ಕೂತು ಆ ದೃಶ್ಯದ ಮಾತೇ ಆಡುತ್ತಿದ್ದರು. "ಎರಡ್ನೇ ಸಲ ಬಿದ್ದಿದ್ಯಲ್ಲ, ನಿಜವಾಗ್ಲೂ ಸತ್ತೇ ಹೋದೆ ಅಂದ್ಕೊಂಡ್ವಿ." ಹೊಗಳಿಕೆಯೇ ಅದು; ಬೇರೆ ಏನು ಹೇಳಬೇಕೋ ಅವರಿಗೂ ತಿಳಿಯುತ್ತಿರಲಿಲ್ಲ. ಮೊದಮೊದಲು ಅಣ್ಣ, "ಹೌದಾ, ಚೆನ್ನಾಗಿ ಕಂಡ್ತಾ?" ಎಂದು ಕೇಳುತ್ತಿದ್ದ. ಆಮೇಲೆ ಯಾರಾದರೂ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಚಾಪೆಯ ಮೇಲಿಂದ ಶಪಿಸಿದ್ದಾಕೆಯೂ ಬಂದಳು. ಅಡುಗೆಮನೆಯಲ್ಲಿ ಅವ್ವನ ಕೈ ಹಿಡಿದು, "ನಾನು ಬೈದಿದ್ದು ಆ ಕೊಲೆಗಾರನ್ನ ಕಣ್ರೀ, ನಿಮ್ಮ ಮಗನ್ನಲ್ಲ" ಎಂದು ಅತ್ತಳು. ಅವ್ವ ಅವಳಿಗೆ ಕಾಫಿ ಕೊಟ್ಟಳು. ಆಲ್ಕೊಳದವರು ಬೇರೆ ಕಡೆ ಹುಡುಗನನ್ನು ನೋಡಿದ್ದೇವೆಂದು ಯಾರ ಕೈಲೋ ಹೇಳಿ ಕಳಿಸಿದರು.

ಗೆಳೆಯ ಮಾತ್ರ ಭಾನುವಾರಗಳಂದು ಬಂದು ಅಣ್ಣನ ಗಡ್ಡ ಹೆರೆದು, ಬೆನ್ನು ಒರೆಸಿ ಹೋಗುತ್ತಿದ್ದ. ಅವನು ಮತ್ತೆ ಬಣ್ಣ ಹಚ್ಚಲಿಲ್ಲ. ಮರುವರ್ಷ ನಾಟಕ ಪುನಃ ಆಡಿದರು. ಕೊಲೆಗಾರನ ಪಾತ್ರ ಸಿಕ್ಕಿದ್ದ ಹೊಸಬ ಒಂದು ಸಂಜೆ ಮನೆಗೆ ಬಂದು, "ಹೆಂಗೆ ಬೀಳ್ಬೇಕು ಅಂತ ಸ್ವಲ್ಪ ಹೇಳ್ಕೊಡಿ" ಎಂದ. ಕೇಳಿಸಿಕೊಂಡ ನನಗೆ ಅವನನ್ನು ಹೊರಗೆ ನೂಕುವಷ್ಟು ಸಿಟ್ಟು ಬಂತು. ಅಣ್ಣ, "ಹುಲ್ಲು ನೀನೇ ಹೋಗಿ ಮುಟ್ಟಿ ನೋಡ್ಕೋ. ಜನ ಕೂಗ್ತಾರೆ, ಕೂಗ್ಲಿ" ಎಂದ. ನಾಟಕದ ಬಗ್ಗೆ ಅವನಾಡಿದ ಕೊನೆಯ ಮಾತು ಅದು.

ಅಣ್ಣನ ಕೆಲಸ ಹೋಗಿ ಕ್ವಾರ್ಟರ್ಸ್ ಬಿಡಬೇಕಾಯಿತು. ಶಿವಮೊಗ್ಗದಲ್ಲಿ ಸೋದರಮಾವನ ಮನೆಯ ಹಿಂದಿನ ಕೋಣೆಗೆ ಬಂದೆವು. ಅಲ್ಲಿಗೆ ಗೆಳೆಯನಿಗೆ ಪ್ರತಿ ಭಾನುವಾರ ಬರಲಾಗಲಿಲ್ಲ. ಮೊದಲು ತಿಂಗಳಿಗೊಮ್ಮೆ ಬಂದ, ಆಮೇಲೆ ಅದೂ ನಿಂತಿತು. ಬೆನ್ನ ಹುಣ್ಣುಗಳು ಕೀವು ಕಟ್ಟಿದವು. ಅವ್ವನೂ ನಾನೂ ಸೇರಿ ಅವನನ್ನು ಮಗ್ಗುಲು ಹೊರಳಿಸುತ್ತಿದ್ದೆವು. ಆ ಎತ್ತರದ ದೇಹ ಬರಬರುತ್ತಾ ಎಷ್ಟು ಹಗುರಾಯಿತೆಂದರೆ ಕೊನೆಗೆ ಅವ್ವ ಒಬ್ಬಳೇ ಹೊರಳಿಸಬಲ್ಲವಳಾದಳು. ಒಂದು ಬೆಳಿಗ್ಗೆ ಜ್ವರ ಬಂತು, ಇಳಿಯಲಿಲ್ಲ. ಹೋದಾಗ ಇನ್ನೂ ಮೂವತ್ತು ತುಂಬಿರಲಿಲ್ಲ ಅವನಿಗೆ.

ಅವ್ವ ನನ್ನ ಮುಂದೆ ಅಳಲಿಲ್ಲ. ಊಟಕ್ಕೆ ಕೂತವಳು ಅವನನ್ನು ಹೊರಳಿಸುವ ಹೊತ್ತಾಯಿತೆಂಬಂತೆ ನಡುವೆಯೇ ತಟ್ಟೆ ಬಿಟ್ಟು ಎದ್ದು ಅಣ್ಣ ಮಲಗಿದ್ದ ಕೋಣೆಯ ಬಾಗಿಲವರೆಗೆ ಹೋಗುತ್ತಿದ್ದಳು. ಅಲ್ಲಿ ಸ್ವಲ್ಪ ಹೊತ್ತು ನಿಂತು, ಬಂದು, ಆರಿದ ಅನ್ನವನ್ನು ಮತ್ತೆ ಕಲಸುತ್ತಿದ್ದಳು.