ಶುಕ್ರವಾರ ಕಟ್ಟದೆ ಉಳಿದ ಕಂತು

ಸಲಾಲಕ್ಕೆ ಬಂದಿಳಿದ ಮರುದಿನ ಬೆಳಗ್ಗೆ ನಮ್ಮನ್ನು ಕೆಲಸಕ್ಕೆ ಕರೆದೊಯ್ಯುವ ವ್ಯಾನು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಮುಂದೆ ಹತ್ತು ಹದಿನೈದು ಒಂಟೆಗಳು, ಮದುವೆ ದಿಬ್ಬಣ ಹೊರಟ ಹಾಗೆ ನಿಧಾನಕ್ಕೆ ರಸ್ತೆ ದಾಟುತ್ತಿದ್ದವು. ಡ್ರೈವರ್ ಕೂಗಲಿಲ್ಲ, ಹಾರ್ನ್ ಒತ್ತಲಿಲ್ಲ, ಸ್ಟೀರಿಂಗ್ ಮೇಲೆ ಗಲ್ಲ ಊರಿ ಕೂತ. ಮೈಸೂರು ಕಡೆಯ ನಮ್ಮ ಹ್ಯಾಂಡ್‌ಪೋಸ್ಟ್‌ನಲ್ಲಿ ಒಂದು ಎಮ್ಮೆ ಅಡ್ಡ ಬಂದರೆ ಅದರ ಮಾಲೀಕನ ಏಳು ತಲೆಮಾರನ್ನು ವಿಚಾರಿಸಿಕೊಳ್ಳುವ ಬಸ್ಸಿನವರನ್ನು ಕಂಡವಳು ನಾನು. ಒಂಟೆಗಳು ದಾಟಿದ ಮೇಲೆ ಕಂಡದ್ದು ಇನ್ನೂ ವಿಚಿತ್ರ. ಸಾಲು ತೆಂಗು, ಬಾಳೆ, ರಸ್ತೆ ಬದಿಗೆ ಎಳನೀರಿನ ಅಂಗಡಿ. ಒಮಾನ್ ಅಂದರೆ ಬರೀ ಮರಳು ಅಂದುಕೊಂಡು ಸಮುದ್ರ ದಾಟಿ ಬಂದರೆ, ಕೆ.ಆರ್. ನಗರದ ನಾಲೆಯ ಪಕ್ಕ ಇಳಿದ ಹಾಗಾಯಿತು. ಇದನ್ನು ನೋಡೋಕೆ ಇಷ್ಟು ದೂರ ಬರಬೇಕಿತ್ತಾ ಅಂತ ನಗು ಬಂತು. ಆಮೇಲೆ ನಾನು ಬಂದದ್ದು ಯಾಕೆ ಅನ್ನುವುದು ನೆನಪಾಯಿತು.

ನಾನು ಮಂಗಳಾ, ಕಂಪಲಾಪುರದ ಮಗಳು. ಗಂಡ ತೀರಿಕೊಂಡ ಮೇಲೆ ಹ್ಯಾಂಡ್‌ಪೋಸ್ಟ್‌ನಲ್ಲಿ ಟೈಲರ್ ಅಂಗಡಿ ಇಟ್ಟು ಮಗಳನ್ನು ಓದಿಸಿದವಳು. ಬ್ಲೌಸು, ಚೂಡಿದಾರ್ ಹೊಲಿದುಕೊಂಡು ಸುಮ್ಮನೆ ಇದ್ದಿದ್ದರೆ ಆಗುತ್ತಿತ್ತು. ಆರು ಪವರ್ ಮೆಷಿನ್ ಹಾಕಿ ಶಾಲೆಗಳ ಯೂನಿಫಾರಂ ಹೊಲಿಯುತ್ತೇನೆಂದು ಬ್ಯಾಂಕಿನಲ್ಲಿ ಸಾಲ ಮಾಡಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಾಸಿಗೆ ಹೊಲಿಯುವವಳೇ ನಾನು, ಇನ್ನೊಂದು ಮೊಳ ಉದ್ದ ಹೊಲಿದರಾಯಿತು ಅಂತ ನನ್ನ ಲೆಕ್ಕ. ಶಾಲೆಯವರು ಹುಣಸೂರಿನ ರೆಡಿಮೇಡ್ ಅಂಗಡಿಗೆ ಹೋದರು. ಮೆಷಿನ್ನುಗಳು ನನ್ನ ಹತ್ತಿರ ಉಳಿದವು.

ಆ ಸಾಲಕ್ಕೆ ಮನೆಪತ್ರ ಇಟ್ಟು ಜಾಮೀನು ಹಾಕಿದವರು ಜಯಮ್ಮಕ್ಕ. ನೆಂಟರಲ್ಲ. ನನ್ನ ಅಂಗಡಿಯ ಪಕ್ಕ ಪೆಟ್ಟಿಗೆ ಅಂಗಡಿಯಲ್ಲಿ ಹೂವು ಮಾರುವವರು. ನನ್ನ ತಮ್ಮನೇ ಹಿಂದೆ ಸರಿದಾಗ ಅವರು ಮೊಳ ಹಾಕುತ್ತಿದ್ದ ಹೂವನ್ನು ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಎಲ್ಲಿ ಹೆಬ್ಬೆಟ್ಟು ಒತ್ಬೇಕು ತೋರ್ಸವ್ವ" ಅಂದಿದ್ದರು.

ಸಾಲ ಕೋರ್ಟಿಗೆ ಹೋಯಿತು. ನಮ್ಮ ತಾಲ್ಲೂಕು ಕೋಟೆಯ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಬಡ್ಡಿ ಬಹಳ ಬಿಟ್ಟರು, ಉಳಿದದ್ದಕ್ಕೆ ನಲವತ್ತು ಕಂತು, ಪ್ರತಿ ತಿಂಗಳು ಹತ್ತನೇ ತಾರೀಕಿನ ಒಳಗೆ. ಸತತ ಎರಡು ಕಂತು ತಪ್ಪಿದರೆ ರಾಜಿ ರದ್ದು, ಬಿಟ್ಟ ಬಡ್ಡಿಯೂ ವಾಪಸ್ಸು, ಜಾಮೀನಿನ ಮನೆಯ ಮೇಲೆ ಕ್ರಮ. ವಿಳಾಸ ಬದಲಾದರೆ ಬ್ಯಾಂಕಿಗೆ ತಿಳಿಸತಕ್ಕದ್ದು ಅಂತಲೂ ಇತ್ತು. ಎಲ್ಲ ಓದಿಯೇ ಸಹಿ ಹಾಕಿದೆ. ಒಂಬತ್ತು ತಿಂಗಳು ಕಟ್ಟಿದ ಮೇಲೆ ಒಮಾನಿನ ಕೆಲಸ ಸಿಕ್ಕಿತು. ಬ್ಯಾಂಕಿಗೆ ಹೇಳಲಿಲ್ಲ. ಸಾಲಗಾತಿ ದೇಶ ಬಿಡುತ್ತಾಳೆ ಅಂದರೆ ಏರ್‌ಪೋರ್ಟಿನಲ್ಲೇ ಹಿಡಿಯುತ್ತಾರೆ ಅಂತ ಯಾರೋ ಹೆದರಿಸಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪಾಸ್‌ಪೋರ್ಟಿಗೆ ಠಸ್ಸೆ ಬೀಳುವವರೆಗೂ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ.

ಇಲ್ಲಿ ನಾನು ಹೊಲಿಯುವುದು ಅಬಾಯ, ಹೆಂಗಸರು ಮೈತುಂಬ ಹಾಕುವ ಕಪ್ಪು ನಿಲುವಂಗಿ. ಊರಿನಲ್ಲಿ ದಿನಕ್ಕೆ ಹತ್ತು ಬಣ್ಣದ ದಾರ ಬದಲಿಸುತ್ತಿದ್ದವಳಿಗೆ ಇಲ್ಲಿ ಕಪ್ಪು ಬಿಟ್ಟು ಬೇರೆ ದಾರವೇ ಬೇಡ. ಕಪ್ಪಿನ ಮೇಲೆ ಕಪ್ಪು ಹೊಲಿಗೆ ಕಾಣದೆ ಮೊದಲ ತಿಂಗಳು ಬೈಸಿಕೊಂಡೆ, ಮೂರನೇ ತಿಂಗಳು ಮಾಲೀಕಳೇ ಹೊಸಬರಿಗೆ ಕಲಿಸು ಅಂದಳು. ಒಂದು ರೂಮಿಗೆ ನಾಲ್ಕು ಮಂಚ. ಅರಬ್ಬಿ ಕಲಿಯೋಣ ಅಂದುಕೊಂಡರೆ ರೂಮಿನಲ್ಲಿ, ಅಂಗಡಿಯಲ್ಲಿ, ಎಲ್ಲೆಲ್ಲೂ ಮಲಯಾಳ. ಸರಗೂರು ಕಡೆ ಶುಂಠಿ ಬೆಳೆಯಲು ಬರುತ್ತಿದ್ದ ಕೇರಳದವರಿಗೆ ಹೊಲಿದುಕೊಟ್ಟು ಕಲಿತ ನಾಲ್ಕು ಮಾತು ಇಲ್ಲಿ ಅನ್ನ ಹಾಕಿತು. ಅರಬ್ಬಿಯಲ್ಲಿ ಮೊದಲು ಕಲಿತದ್ದು 'ಬುಕ್ರಾ', ಅಂದರೆ ನಾಳೆ. ಸಂಬಳ ಕೇಳಿದಾಗಲೆಲ್ಲ ಸಿಗುವ ಉತ್ತರ ಅದು. ರಾಗಿ ಹಿಟ್ಟು ಸಿಗುತ್ತದೆ, ಆದರೆ ಮುದ್ದೆ ತೊಳಸುವ ಕೋಲು ಇಲ್ಲ. ಬಟ್ಟೆ ಅಳೆಯುವ ಮರದ ಸ್ಕೇಲನ್ನು ತೊಳೆದು ಅದರಲ್ಲೇ ಮುದ್ದೆ ತಿರುವಿದೆ. ಕೇರಳದ ಹುಡುಗಿಯರು ಬಿದ್ದು ಬಿದ್ದು ನಕ್ಕರು, ಆಮೇಲೆ ತಟ್ಟೆ ಹಿಡಿದು ಬಂದರು.

ಕಂತು ಕಟ್ಟುವ ಕೆಲಸವನ್ನು ಜಯಮ್ಮಕ್ಕನ ತಲೆಗೆ ಕಟ್ಟಿ ಬಂದಿದ್ದೆ. ಇಲ್ಲಿಂದ ಅವರ ಖಾತೆಗೆ ಹಣ ಕಳಿಸುವುದು, ಅವರು ಬಿಡಿಸಿ ಕೌಂಟರಿನಲ್ಲಿ ಕಟ್ಟುವುದು. ಊರಿನ ಸಿಮ್ಮಿಗೆ ಇಲ್ಲಿ ಓಟಿಪಿ ಬರುವುದಿಲ್ಲ ಅಂತ ಅವರಿಗೆ ಹೇಳಿದ್ದೆ. ಅದು ನೆಪ. ಸಾಲದ ಖಾತೆಗೇ ಹಣ ಹಾಕಿದರೆ ನಾನು ಎಲ್ಲಿದ್ದೇನೆಂದು ಬ್ಯಾಂಕಿಗೆ ಗೊತ್ತಾಗುತ್ತದೆ, ಅದು ನಿಜ. "ಯಾರಾದ್ರೂ ಕೇಳಿದ್ರೆ ಮೈಸೂರಲ್ಲಿ ಗಾರ್ಮೆಂಟ್ಸಿಗೆ ಹೋಯ್ತಾಳೆ ಅನ್ನಿ ಅಕ್ಕ" ಅಂತಲೂ ಹೇಳಿಕೊಟ್ಟಿದ್ದೆ. ಅಳೆದ ಮೊಳದ ಮೇಲೆ ನಾಲ್ಕು ಹೂವು ಹೆಚ್ಚಿಗೆ ಬಿಡುವ ಹೆಂಗಸಿನ ಬಾಯಲ್ಲಿ ಸುಳ್ಳು ಇಟ್ಟೆ.

ಪ್ರತಿ ತಿಂಗಳು ದುಡ್ಡು ಕಟ್ಟಿ, ಚೀಟಿಯನ್ನು ಕ್ಯಾಮರಾ ಮುಂದೆ ಹಿಡಿದು ವಿಡಿಯೋ ಕಾಲ್ ಮಾಡುತ್ತಿದ್ದರು. ಚೀಟಿ ಕಂಡರೆ ನನಗೆ ಸಾಕಿತ್ತು, ಅದರ ಮೇಲಿನ ತಾರೀಕು ನೋಡುತ್ತಿರಲಿಲ್ಲ. ಆಮೇಲೆ ಎರಡು ಮೂರು ಸಲ ಅವರ ತಲೆಯ ಮೇಲೆ ದೊಡ್ಡ ಛತ್ರಿ ಕಾಣುತ್ತಿತ್ತು. "ಏನಕ್ಕ, ಮಹಾರಾಣಿ ಥರ ಛತ್ರಿ ಕೆಳಗೆ ಕುಂತಿದ್ದೀರಾ" ಅಂತ ರೇಗಿಸಿದೆ. "ಬಿಸ್ಲು ಕಣವ್ವ" ಅಂದರು.

ಹೋದ ಚಳಿಗಾಲದಲ್ಲಿ ಒಂದು ತಿಂಗಳು ನಮ್ಮ ಸಂಬಳ ತಡವಾಯಿತು. ಹತ್ತನೇ ತಾರೀಕು ದಾಟಿ ನಾಲ್ಕು ದಿನಕ್ಕೆ ಹಣ ಕಳಿಸಿದೆ. ಒಂದು ಕಂತು ತಪ್ಪಿದರೆ ಏನೂ ಆಗುವುದಿಲ್ಲ, ಸತತ ಎರಡು ತಪ್ಪಿದರೆ ತಾನೆ ಅಂತ ಸಮಾಧಾನ ಮಾಡಿಕೊಂಡೆ. ಹತ್ತು ದಿನಕ್ಕೆ ಜಯಮ್ಮಕ್ಕನ ಫೋನು ಬಂತು.

"ಮಂಗ್ಳ, ಬ್ಯಾಂಕಿಂದ ಕಾಗ್ದ ಬಂದದೆ. ಪಕ್ಕದ್ಮನೆ ಮಗಿ ಕೈಲಿ ಓದಿಸ್ದೆ. ಎಲ್ಡು ಕಂತು ತಪ್ಪದೆ, ರಾಜಿ ರದ್ದು ಮಾಡ್ತೀವಿ ಅಂತ ಬರ್ದವ್ರೆ."

"ಎರಡೆಲ್ಲಿ ಅಕ್ಕ? ಇದೊಂದೇ ತಡ ಆಗಿದ್ದು. ಅದರ ಹಿಂದಿನ ತಿಂಗಳು ನಾನು ಗುರುವಾರಾನೇ ಕಳಿಸಿದ್ನಲ್ಲ?"

"ಗುರುವಾರ ಬಂತು, ಬಿಡಿಸ್ಕೊಂಡು ಮನೇಲಿಟ್ಟೆ. ಹತ್ತನೇ ತಾರೀಕು ಸುಕ್ರುವಾರ ಆಗಿತ್ತು ಕಣವ್ವ. ಮನೆಗ್ ಬಂದ ಲಕ್ಸ್ಮೀನ ಸುಕ್ರುವಾರ ಆಚೆ ಕಳಿಸ್ಲಾ? ಅದೂ ನಿನ್ ದುಡ್ಡು. ಗಂಡಿಲ್ದೋಳು, ಪರದೇಸದಲ್ಲಿ ದುಡೀತಾವ್ಳೆ, ಅವಳ ಕೈ ಬರಿದಾಗ್ಬಾರ್ದು ಅಂತ ನಾನೇ ಮಡೀಕಂಡೆ. ಸನಿವಾರ, ಭಾನ್ವಾರ ಬ್ಯಾಂಕು ಬಾಗ್ಲಾಕಿತ್ತು. ಸೋಮ್ವಾರ ಅಮಾಸೆ. ಮಂಗ್ಳವಾರ ಯಾರ್ ಕೊಟ್ಟಾರು? ಬುಧವಾರ ಬೆಳಿಗ್ಗೆನೇ ಹೋಗಿ ಕಟ್ದೆ."

ನಾನು ಕೂಗಾಡಿದೆ. ಏನು ಹುಚ್ಚಕ್ಕ ನಿಮಗೆ, ಬ್ಯಾಂಕಿಗೆ ಶುಕ್ರವಾರ ಗೊತ್ತಾ, ನಿಮ್ಮ ಮನೆ ಹೋಗುತ್ತಲ್ಲ ಅಂದೆ. ಫೋನಿಟ್ಟ ಮೇಲೆ ಯೋಚಿಸಿದೆ. ನನ್ನ ಅಂಗಡಿಯಲ್ಲೂ ಶುಕ್ರವಾರ ನಾನು ಯಾರಿಗೂ ದುಡ್ಡು ಕೊಟ್ಟವಳಲ್ಲ. ದಾರದ ಸೇಟು ಎರಡು ಸಲ ಬಂದು ಬರಿಗೈಲಿ ಹೋಗಿದ್ದ. ಒಮಾನಿಗೆ ಬಂದು, ಶುಕ್ರವಾರ ಇಲ್ಲಿ ರಜಾ ದಿನವಾಗಿ, ಊಟ ನಿದ್ದೆಯ ವಾರವಾಗಿ, ಆ ಕಟ್ಟು ನನಗೆ ಮರೆತೇಹೋಗಿತ್ತು. ಅವರಿಗೆ ಮರೆತಿರಲಿಲ್ಲ, ಅದನ್ನು ನನಗಾಗಿಯೇ ಪಾಲಿಸಿದ್ದರು. ಸುಮ್ಮನೆ ಬೈದೆನಲ್ಲ ಅಂತ ನನ್ನ ನಾಲಿಗೆಯ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಕತ್ತರಿಸಬೇಕಾದ ಬಟ್ಟೆ ಹಾಗೇ ಇಟ್ಟು ಬ್ಯಾಂಕಿಗೆ ಫೋನು ಮಾಡಿದೆ. ಮ್ಯಾನೇಜರಿಗೆ ಎಲ್ಲ ಹೇಳಿದೆ. ಮೈಸೂರಿನಲ್ಲಿ ಇಲ್ಲ, ಒಮಾನಿನಲ್ಲಿದ್ದೇನೆ, ಹೇಳದೆ ಬಂದೆ, ಜಯಮ್ಮಕ್ಕನಿಂದ ಸುಳ್ಳು ಹೇಳಿಸಿದವಳೂ ನಾನೇ.

ಮ್ಯಾನೇಜರ್ ಬೈಯಲಿಲ್ಲ. "ಹೊರದೇಶಕ್ಕೆ ಹೋಗೋದು ತಪ್ಪಲ್ಲಮ್ಮ. ಮೊದಲೇ ಹೇಳಿದ್ರೆ ಆಗ್ಲೇ ಎನ್‌ಆರ್‌ಓ ಖಾತೆ ಮಾಡ್ಕೊಡ್ತಿದ್ವಿ, ಕಂತು ತಾನಾಗೇ ಕಟ್ ಆಗ್ತಿತ್ತು" ಅಂದರು. ಎನ್‌ಆರ್‌ಓ ಅಂದರೆ ಹೊರದೇಶದಲ್ಲಿರುವವರು ಊರಿನಲ್ಲಿ ಇಟ್ಟುಕೊಳ್ಳುವ ಖಾತೆ. ಕೇಳಿದ್ದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿದ್ದ ವಿಷಯ. ಅರ್ಜಿ, ಪಾಸ್‌ಪೋರ್ಟು, ವೀಸಾ ಕಳಿಸಿ, ತಡವಾದದ್ದಕ್ಕೆ ಕಾರಣ ಬರೆದುಕೊಡಿ, ರಾಜಿ ಉಳಿಸಲು ಮೇಲಿನವರಿಗೆ ಬರೆಯುತ್ತೇನೆ ಅಂದರು. ಆಮೇಲೆ ಫೋನಿಡುವ ಮುಂಚೆ ಹೇಳಿದರು: "ಆ ಯಮ್ಮಂದೂ ಒಂದು ವಿಷಯ ಇದೆ. ರಸ್ತೆ ಅಗಲ ಮಾಡೋಕೆ ಅವರ ಪೆಟ್ಟಿಗೆ ಅಂಗಡಿ ತೆಗೆಸಿದಾರೆ. ಹೊಸದಕ್ಕೆ ಸಾಲ ಕೇಳ್ಕೊಂಡು ಬಂದಿದ್ರು. ನಿಮ್ಮ ಜಾಮೀನು ಇರೋದ್ರಿಂದ ಕೊಡೋಕಾಗ್ಲಿಲ್ಲ."

ಛತ್ರಿ ಯಾಕೆ ಅಂತ ಆಗ ಗೊತ್ತಾಯಿತು. ಬ್ಯಾಂಕು ಸಾಲ ಇಲ್ಲ ಅಂದ ದಿನವೂ ಅದೇ ಬ್ಯಾಂಕಿನ ಕೌಂಟರಿನಲ್ಲಿ ಅವರು ನನ್ನ ಕಂತು ಕಟ್ಟಿ, ಚೀಟಿ ಹಿಡಿದು, ನಗುತ್ತ ನನಗೆ ತೋರಿಸಿರಬೇಕು. ನಾನು ಮಹಾರಾಣಿ ಅಂದಿದ್ದೆ. ಅವತ್ತು ಮೆಷಿನ್ ಮುಂದೆ ಕೂತು ಅತ್ತೆ. ಕಪ್ಪು ಬಟ್ಟೆಯಾದ್ದರಿಂದ ಕಲೆ ಕಾಣಲಿಲ್ಲ.

ದೂತಾವಾಸದ ಠಸ್ಸೆ ಹಾಕಿಸಿ ಕಾಗದ ಕಳಿಸಿದೆ. ಒಂದೂವರೆ ತಿಂಗಳು ಒಬ್ಬರಿಂದಲೂ ಉತ್ತರವಿಲ್ಲ. ಕೊನೆಗೆ ರಾಜಿ ಉಳಿಯಿತು, ಇನ್ನೊಮ್ಮೆ ತಪ್ಪಿದರೆ ಕ್ಷಮೆ ಇಲ್ಲ ಅನ್ನುವ ಎಚ್ಚರಿಕೆಯ ಜೊತೆ. ಜಾಮೀನಿನಿಂದ ಅವರನ್ನು ಬಿಡಿಸಿ ಅಂದರೆ, ಕೊನೇ ಕಂತಿನವರೆಗೆ ಆಗುವುದಿಲ್ಲ ಅಂದರು. ಹಾಗಾಗಿ ಊರಿಗೆ ಹೋಗುವ ಮಾತು ಬಿಟ್ಟು, ಇಲ್ಲೇ ಇನ್ನೆರಡು ವರ್ಷಕ್ಕೆ ಸಹಿ ಹಾಕಿದೆ. ಓವರ್‌ಟೈಮ್ ಮಾಡಿದರೆ ಸಾಲ ಬೇಗ ಮುಗಿಸಬಹುದು. ಮಗಳು ಹಾಸ್ಟೆಲಿನಿಂದ ಫೋನಿನಲ್ಲಿ "ಸರಿ ಬುಡಮ್ಮ" ಅಂದಳು, ಅಷ್ಟೆ.

ಎನ್‌ಆರ್‌ಓ ಅರ್ಜಿಯನ್ನು ಕಳಿಸುವ ಮುಂಚೆ, ತುಂಬುವಾಗಲೇ ಒಂದು ಜಾಗದಲ್ಲಿ ನಿಂತಿದ್ದೆ. ಹೊರದೇಶದ ವಿಳಾಸ ಬರೆದದ್ದಾಯಿತು. ಅದರ ಕೆಳಗೆ ಊರಿನ ಕಾಯಂ ವಿಳಾಸ ಬೇಕು. ಹ್ಯಾಂಡ್‌ಪೋಸ್ಟಿನ ಬಾಡಿಗೆ ಮನೆ ಖಾಲಿ ಮಾಡಿ ಬಂದಿದ್ದೆ. ಕಂಪಲಾಪುರದಲ್ಲಿ ತಮ್ಮನಿಗೆ ಬ್ಯಾಂಕಿನ ಕಾಗದ ಬಂದರೆ ಆಗುವುದಿಲ್ಲ. ನಲವತ್ತೊಂದು ವರ್ಷದ ಹೆಂಗಸಿಗೆ ಬರೆಯಲು ಒಂದು ಬಾಗಿಲ ನಂಬರ್ ಇರಲಿಲ್ಲ. ನಾಚಿಕೆ ಬಿಟ್ಟು ಜಯಮ್ಮಕ್ಕನಿಗೇ ಫೋನು ಮಾಡಿದೆ. ಮೊದಲು ಬೈದದ್ದಕ್ಕೆ ತಪ್ಪಾಯಿತು ಅಂದೆ. ಅಂಗಡಿ ಹೋದದ್ದನ್ನು ಯಾಕೆ ಮುಚ್ಚಿಟ್ಟಿರಿ ಅಂದೆ. ಹೊಸ ಪೆಟ್ಟಿಗೆಗೆ ನಾನು ದುಡ್ಡು ಕಳಿಸುತ್ತೇನೆ ಅಂದೆ.

"ಮೊದ್ಲು ಬ್ಯಾಂಕಿಂದು ತೀರ್ಸವ್ವ. ನಂಗೊಂದು ಕಂತು ಮಾಡ್ಕೊಂಡು ಕುಂತ್ಕೋಬ್ಯಾಡ" ಅಂದರು. ಆಮೇಲೆ ವಿಳಾಸದ ವಿಷಯ ಹೇಳಿದೆ. ಹೂವು ಕೊಳ್ಳುವವರು ಯಾರೋ ಬಂದಿದ್ದರು, ಅವರಿಗೆ ಚಿಲ್ಲರೆ ಕೊಟ್ಟು ಮತ್ತೆ ಫೋನು ಕಿವಿಗಿಟ್ಟುಕೊಂಡರು.

"ನಮ್ಮನೇದೇ ಬರಿ. ಎಂಗಿದ್ರೂ ನಿನ್ ನೋಟೀಸೆಲ್ಲ ಅಲ್ಲಿಗೇ ತಾನೆ ಬರೋದು."

ಬರೆದೆ. ನನ್ನ ಸಾಲಕ್ಕೆ ಅಡ ಇಟ್ಟ ಅವರ ಮನೆ ಈಗ ಬ್ಯಾಂಕಿನ ಕಾಗದದಲ್ಲಿ ನನ್ನ ಕಾಯಂ ವಿಳಾಸ.