ಪಡವಲದಮ್ಮನ ಸೆಕೆಗಾಲ

ಹೊರಗೆ ಹಿಮ ಸುರಿಯತೊಡಗಿದರೆ ಮೂರನೇ ಮಹಡಿಯ ಪಡವಲದಮ್ಮ ಮೊದಲು ಎದ್ದು ಕಿಟಕಿಯ ಪರದೆ ಎಳೆಯುತ್ತಾಳೆ. ತಾನೆಲ್ಲಿದ್ದೇನೆಂದು ಮನೆಯೊಳಗಿನ ಪಡವಲದ ಬಳ್ಳಿಗೆ ಗೊತ್ತಾಗಬಾರದಲ್ಲ! ನೆರೆಯವರಿಟ್ಟ ಈ ಹೆಸರನ್ನು ಅವಳು ಬಿರುದಿನಂತೆ ಹೊತ್ತಿದ್ದಾಳೆ. ನಡುಮನೆಯ ಹೀಟರು ಪಡವಲದ ಕುಂಡಕ್ಕೆ, ಎರಡೆರಡು ಸ್ವೆಟರು ಮನುಷ್ಯರಿಗೆ. ಕಪಾಟು ಹತ್ತಿದ ಬಳ್ಳಿ ದೀಪದ ತಂತಿ ಹಿಡಿದು ಮಲಗುವ ಕೋಣೆಗೂ ಕಾಲಿಟ್ಟಿದೆ. ಸಂಜೆ ಜಾಲರಿಯಂಥ ಬಿಳಿ ಹೂ ಬಿರಿದಾಗ ಮಂಚವೇ ತೋಟದಲ್ಲಿ ತೇಲಿದಂತಾಗುತ್ತದೆ. ಅಲ್ಲಿ ದುಂಬಿಯ ಕೆಲಸಕ್ಕೆ ಅವಳ ಕಾಡಿಗೆಯ ಕುಂಚ, ಕಾಯಿ ಡೊಂಕಾಗದಂತೆ ತುದಿಗೆ ಜೋತುಬಿಡಲು ಗಂಡನ ಹಳೇ ಬೀಗ. ಬಸ್ಸು ಓಡಿಸಿ ಬರುವ ಆ ಗಂಡನಾದರೋ ಬಾಗಿಲಾಚೆಯೇ ಹಿಮ ಕೊಡವಿ, ಹಲ್ಲು ಕಟಕಟ ಎನ್ನುತ್ತಿದ್ದರೂ "ಅಬ್ಬಾ, ಏನು ಸೆಕೆ!" ಎನ್ನುತ್ತಲೇ ಒಳಗೆ ಕಾಲಿಡಬೇಕು, ಮರೆತರೆ ಹೊರಗೆ ಹೋಗಿ ಹೊಸದಾಗಿ ಬರಬೇಕು. ಒಂದು ಸಂಜೆ ಅವನಿಗೂ ರೋಸಿಹೋಯಿತು. "ಸುಳ್ಳು ಹೇಳಿದ್ರೆ ಗಿಡ ಬದುಕುತ್ತೇನೇ?" ಎಂದು ಗೊಣಗಿದ. ಅವಳು ಎಳೆ ಕುಡಿಯನ್ನು ದಾರಕ್ಕೆ ಸುತ್ತುತ್ತಾ, ತಿರುಗಿ ನೋಡದೆಯೇ ಅಂದಳು: "ಮದುವೆಗೆ ಮುಂಚೆ ಫೋನಲ್ಲಿ ನಂಗೂ ಹೇಳಿದ್ರಲ್ಲ, ಇಲ್ಲಿ ಚಳಿಯೇ ಇಲ್ಲ ಅಂತ. ನಾನು ಬದುಕಲಿಲ್ವಾ?" ಅವನು ಹೊರಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಹೊಸದಾಗಿ ಒಳಗೆ ಬಂದ. ಈ ಸಲ ಸೆಕೆ ಎನ್ನಲಿಲ್ಲ. ಅವಳ ಹತ್ತಿರ ಬಂದು ಬಗ್ಗಿ, ಬಳ್ಳಿಗೆ ಕೇಳಿಸದಷ್ಟು ಮೆಲ್ಲಗೆ ಕಿವಿಯಲ್ಲಿ ಹೇಳಿದ: "ಇಲ್ಲಿ ತುಂಬಾ ಚಳಿ ಕಣೇ."